ಐದಕ್ಕೆ ಹಾಜರಿ

ರಾತ್ರಿ ಪಾಳಿ ಮುಗಿಸಿ, ಅದೇ ಬಿಳಿ ಬೂಟಿನಲ್ಲಿ
ನೇರ ಇಲ್ಲಿಗೆ ಬರುತ್ತೇನೆ, ಅರಾದಿನ ಕೊಲ್ಲಿಯ ದಡಕ್ಕೆ.
ನಾಲ್ಕೂಮುಕ್ಕಾಲಿಗೇ ಸೂರ್ಯ ಎದ್ದು ಕೂರುವ ಊರು ಇದು,
ಎಂಟಕ್ಕೆಲ್ಲ ಕಾದ ಹೆಂಚು.
ನಡುವೆ ಸಿಗುವ ಎರಡು ಗಂಟೆ ನಮ್ಮದು:
ಹತ್ತೊಂಬತ್ತು ಮಕ್ಕಳು, ಒಂದು ನೀರಿನ ಡ್ರಮ್ಮು,
ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಾಜರಿ ಪುಸ್ತಕ.

ಟಿಕೆಟ್ಟಿನ ದರ ಏರಿ ಊರಿಗೆ ಹೋಗದೆ ಉಳಿದವರು ಇವರು.
ಜೂನ್ ಕೊನೆಯಲ್ಲಿ ನೋಡಬೇಕಿತ್ತು ನೀವು,
ಗುದೈಬಿಯಾದ ಮೂರನೇ ಮಹಡಿಗಳಿಂದ ಇಳಿದು ಬಂದಾಗ!
ಬಟ್ಟೆ ಕಟ್ಟಿ ಕತ್ತಲಲ್ಲಿಟ್ಟ ಹೆಸರುಕಾಳಿನ ಹಾಗೆ
ಬಿಳಿಚಿಕೊಂಡ ಮೊಳಕೆಗಳು.
ಓಡಿ ಗೊತ್ತಿದ್ದದ್ದು ಹೆಬ್ಬೆರಳಿಗೆ ಮಾತ್ರ.
ಇಷ್ಟು ಬಿಸಿಲಿನ ನಾಡಲ್ಲಿ
ರಕ್ತದ ಚೀಟಿಯಲ್ಲಿ ಬಿಸಿಲಿಗೇ ಬರ:
ಡಿ ಜೀವಸತ್ವ ಎಂಟು, ಹನ್ನೊಂದು, ಒಂಬತ್ತೂವರೆ.

ನಸುಕಿನ ಬೆಳಕು ಅದನ್ನು ತುಂಬುವುದಿಲ್ಲ, ಗೊತ್ತು.
ಇಪ್ಪತ್ತೆರಡು ವರ್ಷದ ದಾದಿ ನಾನು.
ಅದಕ್ಕೆ ಬಾಟಲಿಯಲ್ಲಿ ಹನಿಗಳಿವೆ, ದಿನಕ್ಕಿಷ್ಟು ಎಂದು.
ನಾನು ಕರೆದದ್ದು ಬೀಳುವುದಕ್ಕೆ.
ಬಿದ್ದು, ಮಂಡಿ ತರಚಿ, ಸುತ್ತ ಒಮ್ಮೆ ನೋಡಿ
ಅಳಬೇಕೋ ಬೇಡವೋ
ತಾವೇ ತೀರ್ಮಾನಿಸುವುದಕ್ಕೆ.

ಮೊದಲ ದಿನ ಚಿರಂತ ಮರಳಿಗೆ ಕಾಲಿಡಲಿಲ್ಲ.
‘ಕೊಳಕು’ ಎಂದ. ಬೂಟಿನ ದಾರ ಇನ್ನಷ್ಟು ಬಿಗಿದ.
ಏಡಿ ಕಂಡು ಜೊವಿಟಾ ಜೋತುಬಿದ್ದ ರಭಸಕ್ಕೆ
ನನ್ನ ಸಮವಸ್ತ್ರದ ಜೇಬೇ ಕಿತ್ತು ಬಂತು.
ಲಗೋರಿಯ ಕಲ್ಲು ಪೇರಿಸುತ್ತಿದ್ದರೆ ಶಮಾಝ್ ಕೇಳಿದ,
‘ಇದರಲ್ಲಿ ಎಷ್ಟು ಲೆವೆಲ್ಲು, ಸಿಸ್ಟರಾಂಟಿ?’
ಒಂದೇ ಮಗನೇ,
ಕೆಡವುವುದು, ಓಡುವುದು, ಮತ್ತೆ ಪೇರಿಸುವುದು.

ನನ್ನ ಬೇಸಿಗೆ ರಜೆಯ ಗುರುತು ಗೇರುಹಣ್ಣಿನ ಕಲೆ.
ಅಂಗಿ ಹರಿದು ಒರಸುಬಟ್ಟೆಯಾದರೂ ಅದು ಹೋಗಲಿಲ್ಲ,
ಅಮ್ಮನ ಬೈಗುಳವೂ.
ಇವರ ಅಂಗಿಗಳ ಮೇಲೆ ಕಲೆಯೇ ಇರಲಿಲ್ಲ.
ಅದನ್ನು ಕಂಡೇ ನನಗೆ ಭಯವಾದದ್ದು.

ಮೈಮೂನಾಳ ವಿಷಯ ಹೇಳಬೇಕು.
ಅಪ್ಪನದು ಕೋಲ್ಡ್ ಸ್ಟೋರು, ಬಾಗಿಲು ಹಾಕುವಾಗ ರಾತ್ರಿ ಒಂದು.
ಮಗಳ ಸೊಂಟದ ಚೀಲದಲ್ಲಿ ನೀಲಿ ಪಂಪು, ಎದೆಯಲ್ಲಿ ಸಿಳ್ಳೆ.
‘ಓಡಿಸಬೇಡಿ ಸಿಸ್ಟರ್’ ಎಂದು ಚೀಟಿ ಬರೆದು ಕಳಿಸಿದ್ದರು ತಾಯಿ.
ಓಡಿಸಲಿಲ್ಲ. ಡಾಕ್ಟರನ್ನು ಕೇಳಿ ನಡೆಸಿದೆ,
ಕಂಬದಿಂದ ಕಂಬಕ್ಕೆ, ವಾರಕ್ಕೊಂದು ಕಂಬ ಹೆಚ್ಚು.
ಆಟದಲ್ಲಿ ಅವಳದು ಕಲ್ಲು ಕಾಯುವ ಕೆಲಸ.

ಆಗಸ್ಟಿನ ಒಂದು ಬೆಳಗು. ಗಾಳಿಯೇ ಒದ್ದೆ ಬಟ್ಟೆ.
ಚೆಂಡು ಚಿಮ್ಮಿ ನೀರಿನಂಚಿಗೆ ಉರುಳಿತು, ಇಳಿತದ ಕಡಲು,
ಯಾರೂ ಏಳುವ ಮೊದಲೇ ಅವಳು ಎದ್ದಿದ್ದಳು.
ಓಡಿದಳು.
ಪಂಪು ಹಿಡಿದು ನಾನೂ ಓಡಿದೆ, ಐವತ್ತೊಂದರ ಮಂಡಿಯಲ್ಲಿ.
ಕೆಸರಲ್ಲಿ ನಿಂತಿದ್ದಳು, ಚೆಂಡು ಎದೆಗೊತ್ತಿ,
ಕೆನ್ನೆ ಕೆಂಪು, ಭುಜ ಏರಿಳಿದು ಏರಿಳಿದು.
ಪಂಪು ಚಾಚಿದೆ. ಕೈ ಅಡ್ಡ ಹಿಡಿದಳು.
‘ಇದು... ಆ ಉಬ್ಬಸ ಅಲ್ಲ, ಸಿಸ್ಟರ್...
ಇದು ಓಡಿದ್ದು.’

ಅವಳ ಬೆನ್ನಿಗೆ ಕಿವಿಯಿಟ್ಟೆ.
ಸಿಳ್ಳೆ ಇರಲಿಲ್ಲ.
ಬರಿಯ ಡಬಡಬ, ಮದುವೆಮನೆಯ ಮೆಟ್ಟಿಲಲ್ಲಿ ಮಕ್ಕಳು ಹತ್ತಿಳಿದಂತೆ.

ಕೊನೆಯ ದಿನ ಅಪ್ಪಂದಿರು ಕೇಳಿದರು, ಏನು ಸಿಕ್ಕಿತು ಐದು ದಿನಾರಿಗೆ?
ಷರಾ ಕಾಲಮ್ಮಿನಲ್ಲಿ ಬರೆದದ್ದನ್ನೇ ಓದಿದೆ:
ಮೈಮೂನಾ, ಎತ್ತರ ಒಂದು ಸೆಂಟಿಮೀಟರ್, ಹದಿನಾಲ್ಕು ಕಂಬ.
ಶಮಾಝ್, ಒಂಬತ್ತಕ್ಕೇ ನಿದ್ದೆ.
ಜೊವಿಟಾ, ಏಡಿಗೆ ಹೆಸರಿಟ್ಟಿದ್ದಾಳೆ, ಅದು ನನ್ನದೇ ಹೆಸರು.
ಚಿರಂತ, ಬೂಟು ಕಳೆದಿದೆ. ಹುಡುಕುವುದು ಬೇಡ.

ಸೀಟಿ ಊದಿ, ಡ್ರಮ್ಮು ಬರಿದು ಮಾಡಿ ಬಸ್ಸು ಹತ್ತಿದೆ.
ಇಳಿಯಬೇಕಿದ್ದ ನಿಲ್ದಾಣ ದಾಟಿಹೋಯಿತು.
ಡ್ರೈವರ್ ಎಬ್ಬಿಸಿ ನಕ್ಕ:
ನಿದ್ದೆಯಲ್ಲಿ ನನ್ನ ಕಾಲುಗಳು
ಸೀಟಿನ ಕೆಳಗೆ ಓಡುತ್ತಿದ್ದವಂತೆ.